ಬಾನೆಟ್ಟಿನ ಮೇಲೆ ನಿಲ್ಲದ ಲೋಟ

ನಮ್ಮಣ್ಣನ ಜೀಪಿನ ಬಾನೆಟ್ಟಿನ ಮೇಲೆ ಕಾಫಿ ಲೋಟ ನಿಲ್ಲುತ್ತಿರಲಿಲ್ಲ. ಗಾಡಿ ಓಡಬೇಕೆಂದೇನಿಲ್ಲ, ಅಂಗಳದಲ್ಲಿ ನಿಂತು ಇಂಜಿನ್ ತಿರುಗುತ್ತಿದ್ದರೆ ಸಾಕು, ಲೋಟ ಕೂದಲೆಳೆಯಷ್ಟೇ ಜರುಗುತ್ತ ಜರುಗುತ್ತ ಅಂಚಿಗೆ ಬಂದು, ಹಿಡಿಯುವವರಿಲ್ಲದಿದ್ದರೆ ಕೆಳಗೆ ಬೀಳುತ್ತಿತ್ತು. ಭಾನುವಾರ ಬೆಳಿಗ್ಗೆ ಇಂಜಿನ್ ಬಿಸಿಯಾಗಲು ಬಿಟ್ಟು ಅಣ್ಣ ಬೇಕೆಂದೇ ಲೋಟವನ್ನು ಅಲ್ಲಿಡುತ್ತಿದ್ದ. ಕೈಕಟ್ಟಿಕೊಂಡು ಅದನ್ನೇ ನೋಡುತ್ತ ನಿಂತು, ಇನ್ನೇನು ಬಿತ್ತು ಅನ್ನುವಾಗ ಹಿಡಿದು, ಒಂದು ಗುಟುಕು ಕುಡಿದು, ಮತ್ತೆ ಮೊದಲಿನ ಜಾಗಕ್ಕೇ ಇಡುತ್ತಿದ್ದ. ಅಲ್ಲಿ ಬಣ್ಣ ಸವೆದು ದುಂಡಗೆ ಗುರುತಾಗಿತ್ತು. “ಈ ಗಾಡಿಗೆ ನೀವು ನೆಮ್ಮದಿಯಾಗಿ ಕಾಫಿ ಕುಡಿದ್ರೆ ಹೊಟ್ಟೆಕಿಚ್ಚು” ಎಂದು ಅತ್ತಿಗೆ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಇದು ಶಿಡ್ಲಘಟ್ಟದ ನಮ್ಮ ಮನೆಯ ಮಾತು. ಅಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು, ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತನಾದವನು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನಗೆ ಮದುವೆ ಆಗಲಿಲ್ಲ, ಹಾಗಾಗಿ ಅಣ್ಣ ಅತ್ತಿಗೆಯರ ಜೊತೆಗೇ ಉಳಿದುಬಿಟ್ಟೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಂಡಿಲ್ಲ, ನನ್ನನ್ನೂ ಸೇರಿಸಿ.

ಲೋಟ ಯಾಕೆ ಜರುಗುತ್ತಿತ್ತು ಎಂದು ಹೇಳಬೇಕು. ಇಂಜಿನ್ನಿನ ಹೊಟ್ಟೆಯೊಳಗೆ ಮೊಳಕ್ಕಿಂತ ತುಸು ಉದ್ದದ ಒಂದು ಕಬ್ಬಿಣದ ದಂಡ ಇರುತ್ತದೆ. ಅದರ ಮೈಮೇಲೆ ಎಂಟು ಉಬ್ಬುಗಳು. ದಂಡ ತಿರುಗಿದ ಹಾಗೆ ಆ ಉಬ್ಬುಗಳು ವಾಲ್ವುಗಳನ್ನು ತೆರೆದು ಮುಚ್ಚಿ ಇಂಜಿನ್ ಉಸಿರಾಡುವಂತೆ ಮಾಡುತ್ತವೆ. ಇದೇ ಕ್ಯಾಮ್. ಅಣ್ಣ ಹರೆಯದಲ್ಲಿ ಬೆಟ್ಟ ಹತ್ತುವ ಜೀಪ್ ಪಂದ್ಯಗಳಿಗೆ ಹೋಗುತ್ತಿದ್ದ. ಅಂಥವರಿಗಾಗಿ ಕಂಪನಿಯವರೇ ಕೆಲವು ವರ್ಷ ಬೇರೊಂದು ಕ್ಯಾಮ್ ಮಾಡಿ ಮಾರಿದ್ದರು. ನೋಡಲು ಮಾಮೂಲಿಯದರ ಹಾಗೆಯೇ ಇರುತ್ತದೆ, ಉಬ್ಬುಗಳು ಮಾತ್ರ ಒಂದು ಅಕ್ಕಿಕಾಳಿನ ದಪ್ಪದಷ್ಟು ಎತ್ತರ. ಅದನ್ನು ಹಾಕಿದರೆ ಏರಿನಲ್ಲಿ ಗಾಡಿಗೆ ರೆಕ್ಕೆ ಬರುತ್ತದೆ. ನಿಂತಾಗ ಮಾತ್ರ ಒಂದು ಕಡೆ ಕೂರಲಾರದ ಮಗುವಿನ ಹಾಗೆ ಒದ್ದಾಡುತ್ತದೆ. ಗುಡುಗುಡು ಎಂದು ನಾಲ್ಕು ಸಲ ಬಡಿದು ಒಂದು ಕ್ಷಣ ನಿಂತೇಹೋಯಿತು ಅನ್ನಿಸಿ ಮತ್ತೆ ಬಡಿದುಕೊಳ್ಳುತ್ತದೆ. ಆ ಸದ್ದು ನಮ್ಮ ಬೀದಿಗೆಲ್ಲ ಗುರುತಿತ್ತು. ಆಮೇಲೆ ಕಂಪನಿಯವರು ಅದನ್ನು ನಿಲ್ಲಿಸಿದರು. ನಿಲ್ಲಿಸಿದ್ದು ನಮಗೆ ಗೊತ್ತೂ ಆಗಲಿಲ್ಲ, ಯಾಕೆಂದರೆ ಇದ್ದದ್ದು ಚೆನ್ನಾಗಿತ್ತು.

ಅದನ್ನು ಹಾಳುಮಾಡಿದವನು ನಾನು.

ಹನ್ನೊಂದು ವರ್ಷದ ಹಿಂದೆ, ಸ್ಕೂಲಿನ ನಾಲ್ಕು ಜನ ಮೇಷ್ಟ್ರುಗಳನ್ನು ಕೂರಿಸಿಕೊಂಡು ವಿದುರಾಶ್ವತ್ಥಕ್ಕೆ ಹೋಗಿದ್ದೆ. ಅಣ್ಣನನ್ನು ಕೇಳಿಯೇ ಒಯ್ದಿದ್ದೆ, ಅಷ್ಟರ ಮಟ್ಟಿಗೆ ಕಳ್ಳತನವಲ್ಲ. ವಾಪಸು ಬರುವಾಗ ಮಂಚೇನಹಳ್ಳಿ ದಾಟಿದ ಮೇಲಿನ ಏರಿನಲ್ಲಿ ಆಯಿಲ್ ಮುಳ್ಳು ಕೆಳಗಿಳಿಯಿತು, ಇಂಜಿನ್ನಿಗೆ ಆಯಿಲ್ ಹೋಗುತ್ತಿಲ್ಲ, ಗಾಡಿ ನಿಲ್ಲಿಸು ಎಂದು ಅರ್ಥ. ನೋಡಿದೆ. ಚೆನ್ನಾಗಿ ನೋಡಿದೆ. ಹಿಂದೆ ಕೂತವರು ಗಾಡಿಯ ಎಳೆತವನ್ನು ಹೊಗಳುತ್ತಿದ್ದರು, ನನಗೂ ಅದು ತಲೆಗೇರಿತ್ತು. ಈ ಏರು ಮುಗಿಯಲಿ ಎಂದು ಇನ್ನಷ್ಟು ಒತ್ತಿದೆ. ಏರು ಮುಗಿಯುವ ಮೊದಲು ಇಂಜಿನ್ ಮುಗಿಯಿತು.

“ಇದ್ದಕ್ಕಿದ್ದಂಗೆ ನಿಂತೋಯ್ತಣ್ಣ” ಎಂದೆ.

“ಆಯಿಲ್ ಮುಳ್ಳು ನೋಡಿದ್ಯಾ?” ಎಂದು ಒಂದೇ ಒಂದು ಸಲ ಕೇಳಿದ.

“ಸರಿಯಾಗೇ ಇತ್ತು.”

ಅಣ್ಣ ನನ್ನ ಮುಖ ನೋಡಿ, ಮೆಕ್ಯಾನಿಕ್ಕಿಗೆ ಹೇಳಿಕಳಿಸಿದ. ಇಂಜಿನ್ ಬಿಚ್ಚಿದಾಗ ಮಿಕ್ಕದ್ದೆಲ್ಲ ರಿಪೇರಿಗೆ ಬಗ್ಗುವಂತಿತ್ತು, ಕ್ಯಾಮ್ ಮಾತ್ರ ಸವೆದು ಸಪಾಟಾಗಿತ್ತು. ಮಾಮೂಲಿ ಕ್ಯಾಮ್ ಹಾಕಿಬಿಡೋಣ ಎಂದರು ಮೆಕ್ಯಾನಿಕ್. ಅಣ್ಣ ಒಪ್ಪಲಿಲ್ಲ. “ಅದನ್ನ ಹಾಕಿದ್ರೆ ಗಾಡಿ ಓಡುತ್ತೆ. ಆದ್ರೆ ಅದು ಈ ಗಾಡಿ ಅಲ್ಲ” ಎಂದು ಹೇಳಿ ಜೀಪಿಗೆ ಟಾರ್ಪಾಲ್ ಹೊದಿಸಿದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ, ಅತ್ತಿಗೆ ನಡುವೆ ಬಂದು, ಊಟದ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಬೈಯದೆ ಇದ್ದದ್ದರಿಂದ ಆ ಸುಳ್ಳು ಟಾರ್ಪಾಲಿನ ಕೆಳಗೆ ಹಾಗೇ ಉಳಿಯಿತು.

ಎರಡು ವರ್ಷದ ಹಿಂದೆ ಅಣ್ಣನ ಕಿವಿ ಹೋಗತೊಡಗಿತು. ಮೊದಲು ಎಡಗಿವಿ. ಬಲಗಿವಿಗೂ ಹೆಚ್ಚು ಕಾಲವಿಲ್ಲ ಎಂದರು ಡಾಕ್ಟರು. ಕಿವಿಗೊಂದು ಯಂತ್ರ ಬಂತು. ಒಂದು ಸಂಜೆ ಟಾರ್ಪಾಲಿನ ಮೇಲೆ ಬಿದ್ದ ನುಗ್ಗೆ ಎಲೆ ಗುಡಿಸುತ್ತಿದ್ದವನು ನನ್ನ ಕಡೆ ನೋಡದೆ ಹೇಳಿದ. “ಕಿವಿ ಇರೋವಾಗ್ಲೇ ಒಂದ್ಸಲ ಇದನ್ನ ಕೇಳಿಬಿಡ್ಬೇಕಿತ್ತು ಕಣೋ.” ಹೇಗಾದರೂ ಮಾಡಿ ಆ ಕ್ಯಾಮ್ ತರುತ್ತೇನೆ, ಆ ಬಲಗಿವಿ ಮುಚ್ಚುವುದರೊಳಗೆ ತರುತ್ತೇನೆ ಎಂದು ಅವತ್ತೇ ನಿರ್ಧರಿಸಿದೆ.

ಕಂಪನಿಗೆ ಬರೆದೆ. ಎರಡು ಸಾಲಿನ ಉತ್ತರ ಬಂತು: ಆ ಭಾಗದ ತಯಾರಿಕೆ ನಿಂತಿದೆ, ಅದರ ಬದಲು ಮಾಮೂಲಿ ಭಾಗವನ್ನು ಬಳಸಬಹುದು. ನಮ್ಮೂರಿನ ಮೆಕ್ಯಾನಿಕ್ ಹಳೆಯ ಜೀಪುಗಳ ಜಾತಕವೆಲ್ಲ ಬಲ್ಲವರು. “ನೋಡಿ ಸಾಬ್” ಎಂದರು, “ಎಲ್ಲರೂ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಹಾಕಿಸಿಬಿಟ್ರು. ಇಳಿಸಿದ್ದು ಎಲ್ಲೋ ಕೊಟ್ಟಿಗೇಲಿ, ಗುಜರಿಯಲ್ಲಿ ಬಿದ್ದಿರುತ್ತೆ. ನೂರು ಇಂಜಿನ್ ಬಿಚ್ಚಿದ್ರೆ ಒಂದರಲ್ಲಿ ಸಿಕ್ಕರೆ ನಿಮ್ಮ ಕಿಸ್ಮತ್.” ಸವೆದುಹೋದ ಹಳೆಯದಕ್ಕೇ ಬೆಸುಗೆ ತುಂಬಿ ಎತ್ತರಿಸಬಾರದೇ ಎಂದು ಕೇಳಿದೆ. “ಎತ್ತರಿಸಬೋದು. ಎಷ್ಟು ಎತ್ತರಿಸಬೇಕು ಅಂತ ಯಾರು ಹೇಳ್ತಾರೆ?” ಎಂದರು. ಗಣಿತದ ಮೇಷ್ಟ್ರಾದರೂ ಆ ಲೆಕ್ಕ ನನಗೆ ಬರುತ್ತಿರಲಿಲ್ಲ.

ನನ್ನ ಭಾನುವಾರಗಳೆಲ್ಲ ಗುಜರಿಗಳ ಪಾಲಾದವು. ಚಿಂತಾಮಣಿಯ ಗುಜರಿಯೊಂದರಲ್ಲಿ ಇಡೀ ದಿನ ಗ್ರೀಸಿನಲ್ಲಿ ಕೈಯಾಡಿಸಿದೆ. ಅಲ್ಲಿನ ಯಜಮಾನರು ಒಂದು ಮೂಲೆ ತೋರಿಸಿ, “ಅದಿಗೋ, ಅಕ್ಕಡ ಕ್ಯಾಮುಗಳ ರಾಶಿನೇ ಇದೆ, ನೋಡ್ಕೊಳಪ್ಪ” ಎಂದು ಊಟಕ್ಕೆ ಹೋದರು. ರಾಶಿಯೇ ಇತ್ತು. ನಲವತ್ತಕ್ಕೂ ಹೆಚ್ಚು, ಒಂದೊಂದನ್ನೂ ಉಗುರಿನಲ್ಲಿ ಕೆರೆದು ನಂಬರ್ ಓದಿದೆ. ನಮಗೆ ಬೇಕಾದದ್ದಕ್ಕೆ ನಂಬರಿನ ಕೊನೆಗೆ ಒಂದು ಅಕ್ಷರ ಹೆಚ್ಚು ಇರಬೇಕು. ಯಾವುದಕ್ಕೂ ಇರಲಿಲ್ಲ. ಸೋಮವಾರ ಬೋರ್ಡಿನ ಮೇಲೆ ಬರೆಯುವಾಗ ನನ್ನ ಉಗುರು ನೋಡಿ ಮಕ್ಕಳು ಮುಸಿಮುಸಿ ನಕ್ಕರು.

ಒಂದು ಸಲ ಸಿಕ್ಕೇಬಿಟ್ಟಿತ್ತು. ತೊಂಡೇಬಾವಿಯಲ್ಲಿ ರೈಲ್ವೆಯಿಂದ ನಿವೃತ್ತರಾದವರೊಬ್ಬರ ಮನೆಯ ಶೆಡ್ಡಿನಲ್ಲಿ ಅಂಥದ್ದೊಂದು ಇದೆ ಎಂದು ತಿಳಿಯಿತು. ಅವರು ಫೋಟೋ ಕಳಿಸಿದರು, ಕೊನೆಯ ಅಕ್ಷರ ಸ್ಪಷ್ಟವಾಗಿತ್ತು. ಭಾನುವಾರ ಬನ್ನಿ ಎಂದರು. ನಾನು ಸುಮ್ಮನಿರಬಾರದೆ? ಆ ಫೋಟೋವನ್ನು ಹಳೆ ಜೀಪಿನವರ ವಾಟ್ಸಾಪ್ ಗುಂಪಿಗೆ ಹಾಕಿ, ಊರಿನ ಹೆಸರನ್ನೂ ಬರೆದು, ಸಿಕ್ಕಿತು ಎಂದು ಜಂಬ ಕೊಚ್ಚಿಕೊಂಡೆ. ಭಾನುವಾರ ಹೋದರೆ ಆ ಯಜಮಾನರು ಮುಖ ಚಿಕ್ಕದು ಮಾಡಿಕೊಂಡು ನಿಂತಿದ್ದರು. “ನಿನ್ನೆನೇ ಬೆಂಗಳೂರಿಂದ ಇಬ್ರು ಬಂದು ತಗೊಂಡೋದ್ರಲ್ಲ ಸಾರ್. ನೀವೇ ಕಳ್ಸಿದ್ದು ಅಂದ್ರು.” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ನನ್ನ ಬಾಯಿಂದಲೇ. ರೈಲಿನಲ್ಲಿ ವಾಪಸು ಬರುತ್ತ ಒಂದು ಪಾಠ ಕಲಿತೆ. ಇನ್ನು ಮೇಲೆ ಈ ವಸ್ತುವಿನ ಬೆಲೆ ಯಾರಿಗೂ ತಿಳಿಯಕೂಡದು, ಯಾರು ಕೇಳಿದರೂ ಮಾಮೂಲಿ ಕ್ಯಾಮ್ ಎನ್ನಬೇಕು. ಕಲಿಯಬೇಕಾದ ಪಾಠ ಬೇರೆ ಇತ್ತೇನೋ, ನಾನು ಕಲಿತದ್ದು ಇದನ್ನು.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಮಂಡಿಕಲ್ ಕಡೆಯ ಒಂದು ಮನೆಯ ಸುದ್ದಿ ಬಂತು. ಆ ಮನೆಯವರೊಬ್ಬರು ಹಿಂದೆ ಅಣ್ಣನ ಜೊತೆ ಪಂದ್ಯಗಳಿಗೆ ಬರುತ್ತಿದ್ದರಂತೆ, ತೀರಿಕೊಂಡು ಬಹಳ ವರ್ಷವಾಯಿತು, ಜೀಪನ್ನು ಮಾರಿದರೂ ಒಂದು ಕ್ಯಾಮ್ ಮನೆಯಲ್ಲೇ ಉಳಿದಿದೆಯಂತೆ. ಶನಿವಾರ ಅರ್ಧ ದಿನದ ಸ್ಕೂಲ್ ಮುಗಿಸಿ ಬಸ್ಸು ಹತ್ತಿದೆ. ಅವರ ಹೆಂಡತಿ, ಎಪ್ಪತ್ತು ದಾಟಿದ ಹೆಂಗಸು, ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. “ರಾ ನಾಯನಾ, ಕೂತ್ಕೋ” ಎಂದು ಚಾಪೆ ಸರಿಸಿದರು. ಅಟ್ಟದಿಂದ ಒಂದು ಪೈಪಿನ ತುಂಡು ತರಿಸಿದರು. ಅದರೊಳಗೆ ಹೊಂಗೆ ಎಣ್ಣೆಯಲ್ಲಿ ನೆನೆಸಿದ ಬಟ್ಟೆ, ಬಟ್ಟೆಯೊಳಗೆ ಕ್ಯಾಮ್. ಅಲ್ಲಲ್ಲಿ ತುಕ್ಕಿನ ಚುಕ್ಕೆ ಬಿಟ್ಟರೆ ಹೊಚ್ಚ ಹೊಸದು. ಉಗುರಿನಲ್ಲಿ ಕೆರೆದೆ. ಕೊನೆಯ ಅಕ್ಷರ ಇತ್ತು.

“ನಮ್ಮೋರು ಇದನ್ನ ದೇವ್ರು ಇಟ್ಟಂಗೆ ಇಟ್ಟಿದ್ರು. ಏನಾದ್ರೂ ವಿಶೇಷನಾಪ್ಪ ಇದು?” ಎಂದು ಕೇಳಿದರು.

“ಏನಿಲ್ಲಮ್ಮ. ಮಾಮೂಲಿ ಕ್ಯಾಮ್.”

“ಹಂಗಾದ್ರೆ ತಗೊಂಡೋಗು, ಇದಕ್ಕೇನು ಕೊಡೋದು ಬಿಡೋದು” ಎಂದು ಸುಮ್ಮನೆ ಕೊಟ್ಟುಬಿಟ್ಟರು. ಜೊತೆಗೆ ಒಂದು ಚೀಲ ಅವರೆಕಾಯಿ. ಅಟ್ಟದ ಮೇಲೆ ಅವರ ಗಂಡ ಜತನದಿಂದ ಕಾಪಾಡಿದ್ದನ್ನು ನಾನು ಬರೀ ಕಬ್ಬಿಣ ಎಂದು ಹೇಳಿ ಎತ್ತಿಕೊಂಡು ಬಂದೆ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ಚೀಲ ಕೆಳಗಿಡಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸುವಾಗ ತಡೆಯಲಾರದೆ ಅತ್ತಿಗೆಗೆ ಫೋನ್ ಮಾಡಿದೆ. ಅವರಿಗೆ ಮಾತ್ರ ವಿಷಯ ಗೊತ್ತಿತ್ತು. ಸಂತೋಷಪಟ್ಟರು. ಆಮೇಲೆ ದನಿ ತಗ್ಗಿಸಿ, “ಇವತ್ತು ಶನಿವಾರ ಅಲ್ವೇನಪ್ಪ. ಶನಿವಾರ ಕಬ್ಬಿಣ ಮನೆಗೆ ತರ್ಬಾರ್ದು. ಅವರ ಕಿವಿ ಬೇರೆ ಹಿಂಗಿದೆ. ಎಲ್ಲಾದ್ರೂ ಇಟ್ಟು ಬಾ” ಎಂದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು, ಇಷ್ಟು ದೂರ ಬಂದಿದೆ, ಒಂದು ಶನಿವಾರದ ಸಲುವಾಗಿ ಅವರ ಮನಸ್ಸಿಗೆ ಯಾಕೆ ಕಸಿವಿಸಿ ಅನ್ನಿಸಿತು. ನಿಜ ಹೇಳಬೇಕೆಂದರೆ ನನಗೂ ಒಂಚೂರು ಹೆದರಿಕೆಯಾಯಿತು.

ಅಲ್ಲಿನ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಲೇತ್ ಅಂಗಡಿಯಿದೆ. ಅದರ ಯಜಮಾನರು ಕೈಯಲ್ಲಿ ಬೆರಳು ಕಡಿಮೆ, ಕೆಲಸ ಹೆಚ್ಚು ಇರುವ ಹಳೆಯ ಮನುಷ್ಯ. ಅವರ ಮೊಮ್ಮಗಳು ನನ್ನ ಹತ್ತಿರ ಓದಿದ್ದಳು, ಹಾಗಾಗಿ ಮೇಷ್ಟ್ರು ಎಂದರೆ ಅವರಿಗೆ ಪ್ರಾಣ. ಆ ಅಂಗಡಿಯ ಗೋಡೆ ತುಂಬ ಮೊಳೆ ಹೊಡೆದು, ಈ ಸೀಮೆಯಲ್ಲಿ ಓಡುವ ಪ್ರತಿಯೊಂದು ಇಂಜಿನ್ನಿನ ಕ್ಯಾಮ್ ಒಂದೊಂದನ್ನು ಮಾದರಿಗೆಂದು ತೂಗುಹಾಕಿದ್ದಾರೆ. ಯಾವುದೇ ಸವೆದ ಕ್ಯಾಮ್ ಬರಲಿ, ಗೋಡೆಯ ಮಾದರಿಯನ್ನು ಇಳಿಸಿ, ಯಂತ್ರಕ್ಕೆ ಎರಡನ್ನೂ ಕಟ್ಟಿ, ಮಾದರಿಯ ಹಾಗೆಯೇ ಅದನ್ನು ಉಜ್ಜುವುದು ಅವರ ಪದ್ಧತಿ. ಅವರ ಕೈಯಿಂದ ಹೋದದ್ದು ಮಾದರಿಗಿಂತ ಒಂದು ಕೂದಲು ಆಚೆ ಈಚೆ ಇರುವುದಿಲ್ಲ.

ನಾನು ಹೋದಾಗ ಅಲ್ಲಿ ಬೆಂಗಳೂರಿನ ಗಾಡಿಯೊಂದು ನಿಂತಿತ್ತು, ಹಳೆ ಜೀಪಿನ ಹುಚ್ಚಿನವರಿಬ್ಬರು ಬೆಂಚಿನ ಮೇಲೆ ಕೂತಿದ್ದರು. ತೊಂಡೇಬಾವಿ ನೆನಪಾಯಿತು. ಬಟ್ಟೆ ಪೂರ್ತಿ ಬಿಚ್ಚದೆ ಯಜಮಾನರ ಕೈಗಿಟ್ಟೆ.

“ಏನ್ ಮೇಷ್ಟ್ರೇ ಇದು?”

“ಮಾಮೂಲಿ ಜೀಪ್ ಕ್ಯಾಮ್. ಅಲ್ಲಲ್ಲಿ ತುಕ್ಕಿದೆ, ಒರೆಸಿ ಪಾಲಿಶ್ ಮಾಡಿಡಿ ಸಾಕು. ಸೋಮವಾರ ಸಂಜೆ ಬರ್ತೀನಿ.”

ಬೆಂಚಿನವರು ತಲೆ ಕೂಡ ಎತ್ತಲಿಲ್ಲ. ಗೆದ್ದೆ ಅಂದುಕೊಂಡೆ. ಭಾನುವಾರವೆಲ್ಲ ಹಬ್ಬದ ಹಾಗಿತ್ತು. ಅಣ್ಣನಿಗೆ ಏನೂ ಹೇಳದೆ ಒಬ್ಬನೇ ಹೋಗಿ ಟಾರ್ಪಾಲಿನ ಹಗ್ಗ ಸಡಿಲಿಸಿ ಬಂದೆ.

ಸೋಮವಾರ ಯಜಮಾನರು ನನ್ನನ್ನು ಕಂಡೊಡನೆ ಎದ್ದು ಬಂದರು. ಕ್ಯಾಮ್ ಕನ್ನಡಿಯಂತೆ ಹೊಳೆಯುತ್ತಿತ್ತು.

“ಒಳ್ಳೇದಾಯ್ತು ನನ್ನ ಹತ್ರ ತಂದಿದ್ದು. ಇದನ್ನ ಯಾರೋ ಕೆಡಿಸಿಬಿಟ್ಟಿದ್ರು ಮೇಷ್ಟ್ರೇ. ಪಾಲಿಶ್ ಮಾಡೋಕೆ ಮುಂಚೆ ಮಾದರಿ ಪಕ್ಕ ಇಟ್ಟು ನೋಡ್ದೆ. ಎಂಟಕ್ಕೆ ಎಂಟೂ ಎತ್ತರ. ಬೆಸುಗೆ ತುಂಬಿ ಸರಿಯಾಗಿ ಉಜ್ಜದೆ ಬಿಟ್ಟಿದ್ದಾರೆ ಅಂತ ಕಾಣುತ್ತೆ. ಹಂಗೇ ಹಾಕಿದ್ರೆ ಇಂಜಿನ್ ಒಂದು ಕಡೆ ನಿಲ್ತಿರಲಿಲ್ಲ. ನಿನ್ನೆ ಅಂಗಡಿ ರಜಾ, ಆದ್ರೂ ಬಂದು ಕೂತು ಎಂಟನ್ನೂ ಮಾದರಿಗೆ ಇಳಿಸ್ದೆ. ಈಗ ನೋಡಿ, ಕಂಪನಿ ಮಾಲ್ ಇದ್ದಂಗಿದೆ.”

ಬೆಂಚಿನ ಮೇಲೆ ಕೂತೆ. ಎಂಟೂ ಒಂದೇ ಅಳತೆಗೆ ತಪ್ಪಿದ್ದರೆ ಅದು ತಪ್ಪಲ್ಲ, ಉದ್ದೇಶ. ಇದನ್ನು ಒಂಬತ್ತನೇ ತರಗತಿಯ ಮಕ್ಕಳೂ ಹೇಳುತ್ತಾರೆ. ಕೇಳಿದೆ. “ಎಂಟೂ ಒಂದೇ ಸಮ ಎತ್ತರ ಇತ್ತಲ್ಲ. ನಿಮಗೆ ಅನುಮಾನ ಬರಲಿಲ್ವೇ?”

“ಬಂತು” ಎಂದರು ಅವರು. “ಬೆಂಗಳೂರಿನವ್ರು ತಂದಿದ್ರೆ ಮುಟ್ತಾನೂ ಇರಲಿಲ್ಲ. ಆದ್ರೆ ನೀವೇ ಮಾಮೂಲಿ ಅಂದಿದ್ರಲ್ಲ ಮೇಷ್ಟ್ರೇ.”

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಬೇರೆ ಯಾರನ್ನಾದರೂ ಆಡಿಕೊಂಡು ನಗಬಹುದಿತ್ತು. ಇಲ್ಲಿ ನಗುವುದು ಯಾರನ್ನು? ಒಂದು ಭಾನುವಾರ ಕೊಟ್ಟು, ಸೊಂಟ ಬಗ್ಗಿಸಿ, ನನ್ನ ಸುಳ್ಳನ್ನು ಅವರು ನಿಜ ಮಾಡಿಕೊಟ್ಟಿದ್ದರು. “ಬಹಳ ಉಪಕಾರವಾಯ್ತು” ಎಂದೆ. ಅವರು ಖುಷಿಯಾಗಿ ಟೀ ತರಿಸಿದರು. ಕುಡಿದೆ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಆ ಹೊತ್ತಿಗೆ ಅಣ್ಣನ ಬಲಗಿವಿಯೂ ಬಹುಮಟ್ಟಿಗೆ ಹೋಗಿತ್ತು. ಯಂತ್ರ ಹಾಕಿಕೊಂಡರೆ ಬರೀ ಗಿರಣಿಯೊಳಗೆ ನಿಂತ ಹಾಗೆ ಸದ್ದು ಕೇಳುತ್ತದೆ, ಯಾವುದು ಏನು ಅಂತ ತಿಳಿಯಲ್ಲ ಎನ್ನುತ್ತಿದ್ದ. ಹಾಗಿದ್ದರೆ ತಿಳಿಯುವುದಿಲ್ಲ ಅಲ್ಲವೇ ಎಂದು ನನ್ನ ಬುದ್ಧಿ ಲೆಕ್ಕ ಹಾಕಿತು. ನಂಬರಿನ ಕೊನೆಯ ಅಕ್ಷರವಂತೂ ಅದರ ಮೇಲೆ ಇನ್ನೂ ಇತ್ತು. ಕ್ಯಾಮನ್ನು ಮನೆಗೆ ತಂದು ಆ ಅಕ್ಷರ ತೋರಿಸಿ, “ಸಿಕ್ತಣ್ಣ” ಎಂದೆ. ಅಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಆ ಅಕ್ಷರವನ್ನು ಹೆಬ್ಬೆರಳಿನಲ್ಲಿ ಸವರಿದ. ಅವನ ಕಣ್ಣು ತುಂಬಿತು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದೆ.

ಮೆಕ್ಯಾನಿಕ್ ಕೈಗೆ ಕ್ಯಾಮ್ ಬಂದ ಕೂಡಲೆ ಬೆರಳಿನಿಂದಲೇ ಅಳೆದು ನನ್ನ ಕಡೆ ನೋಡಿದರು. ಅಣ್ಣನಿಗೆ ತಿಳಿಯುವುದು ಬೇಡ ಎಂದು ತಲೆಯಾಡಿಸಿದೆ. “ನನ್ನಿಂದ ಸುಳ್ಳು ಹೇಳಿಸಬೇಡಿ ಸಾಬ್” ಎಂದಷ್ಟೇ ಹೇಳಿ ಜೋಡಿಸಲು ಕೂತರು. ನಾಲ್ಕು ದಿನದ ಕೆಲಸ. ಐದನೆಯ ದಿನ ಭಾನುವಾರ. ಟಾರ್ಪಾಲ್ ತೆಗೆದು ಜೀಪನ್ನು ಅಂಗಳಕ್ಕೆ ತಳ್ಳಿದೆವು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಬಂದು ನಿಂತ. ನನಗೇ ಕೀಲಿ ತಿರುಗಿಸಲು ಹೇಳಿದ.

ಇಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಒಂದೇ ಸಮ, ಹೊಲಿಗೆ ಯಂತ್ರದ ಹಾಗೆ. ಅದರಷ್ಟು ಕೆಟ್ಟ ಸದ್ದನ್ನು ನಾನು ಜೀವನದಲ್ಲಿ ಕೇಳಿಲ್ಲ. ಅಣ್ಣ ಕಿವಿಯನ್ನು ಬಾನೆಟ್ಟಿನ ಕಡೆ ಬಾಗಿಸಿದ. ಕಿವಿಯ ಯಂತ್ರದ ಗುಂಡಿ ತಿರುಗಿಸಿದ, ಮತ್ತೆ ಬಾಗಿಸಿದ. ಅವನ ಮುಖದಲ್ಲಿ ಏನೂ ತಿಳಿಯಲಿಲ್ಲ. ಆಮೇಲೆ ಬಾಗಿಲ ಕಡೆ ತಿರುಗಿ ಅತ್ತಿಗೆಗೆ ಕೈ ಸನ್ನೆ ಮಾಡಿದ.

ಅತ್ತಿಗೆ ಕಾಫಿ ತಂದುಕೊಟ್ಟರು. ಅಣ್ಣ ಕುಡಿಯಲಿಲ್ಲ. ಲೋಟವನ್ನು ಬಾನೆಟ್ಟಿನ ಮೇಲೆ, ಬಣ್ಣ ಸವೆದ ಆ ದುಂಡನೆಯ ಗುರುತಿನ ಮೇಲೆ ಇಟ್ಟು, ಕೈಕಟ್ಟಿಕೊಂಡು ನಿಂತ.

ನನಗೆ ಇದು ಹೊಳೆದೇ ಇರಲಿಲ್ಲ. ಕಿವಿಯೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಸೀಟಿನಲ್ಲಿ ಕೂತಲ್ಲಿಂದಲೇ ಗಾಜಿನಾಚೆಯ ಲೋಟವನ್ನು ನೋಡುತ್ತ, ಒಂಚೂರು ಜರುಗು ಎಂದು ಬೇಡಿಕೊಂಡೆ. ಕಾಫಿಯ ಮೇಲೆ ಸಣ್ಣ ನಡುಕವಿತ್ತು, ಅಷ್ಟೇ. ಲೋಟ ಇಟ್ಟಲ್ಲೇ ಇತ್ತು. ಅಣ್ಣ ಬಹಳ ಹೊತ್ತು ಕಾದ. ಕಾಫಿ ಆರಿ ಮೇಲೆ ಕೆನೆ ಕಟ್ಟಿತು. ಆಗ ಲೋಟ ಎತ್ತಿಕೊಂಡು, ಒಂದೇ ಸಲಕ್ಕೆ ಕುಡಿದು, “ಇನ್ಮೇಲೆ ನೆಮ್ಮದಿಯಾಗಿ ಕಾಫಿ ಕುಡೀಬೋದು ಬಿಡು” ಎಂದ. ಅತ್ತಿಗೆ ಒಳಗೆ ಹೋದರು.

ನಾನು ಇಳಿದು ಅವನ ಎದುರಿಗೆ ಬಂದು ನಿಂತೆ. ಎಲ್ಲ ಹೇಳಿದೆ. ಮಂಡಿಕಲ್ಲಿನ ಅಟ್ಟ, ಶನಿವಾರ, ಗೋಡೆಯ ಮಾದರಿ, ನನ್ನ ಮಾಮೂಲಿ ಎನ್ನುವ ಮಾತು. ಅಲ್ಲಿಗೆ ನಿಲ್ಲಲಾರದೆ ವಿದುರಾಶ್ವತ್ಥಕ್ಕೆ ಹೋದ ದಿನದವರೆಗೂ ಹಿಂದಕ್ಕೆ ಹೋದೆ. “ಆವತ್ತು ಮುಳ್ಳು ಇಳಿದಿದ್ದು ನೋಡಿದ್ದೆ ಅಣ್ಣ. ನೋಡಿಯೇ ಒತ್ತಿದೆ. ನಿನ್ನ ಹತ್ರ ಸುಳ್ಳು ಹೇಳ್ದೆ” ಎಂದೆ.

ಅಣ್ಣ ನನ್ನ ತುಟಿಗಳನ್ನೇ ನೋಡುತ್ತಿದ್ದ. ಆಗ ಗಮನಿಸಿದೆ, ಕಿವಿಯ ಯಂತ್ರ ಅವನ ಅಂಗಿಯ ಜೇಬಿನಲ್ಲಿತ್ತು. ಲೋಟ ಕೈಗೆತ್ತಿಕೊಂಡಾಗಲೇ ತೆಗೆದಿಟ್ಟಿದ್ದನೇನೋ, ನನಗೆ ಕಾಣಲಿಲ್ಲ.

“ಏನೇನೋ ಹೇಳ್ತಿದ್ದೀಯ, ಒಂದೂ ಕೇಳಿಸ್ತಿಲ್ಲ ಕಣೋ” ಎಂದ. ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟ. “ಇಂಜಿನ್ ಆಫ್ ಮಾಡು, ಸುಮ್ನೆ ಪೆಟ್ರೋಲ್ ಹೋಗ್ತಿದೆ.”

ನಾನು ಹೋಗಿ ಇಂಜಿನ್ ಆಫ್ ಮಾಡಿದೆ.